ಹಳ್ಳದ ನೀರು ನೋಡಿದವಳು ಸುಜಾತಾ

ಈ ವರ್ಷದ ಮೊದಲ ದೊಡ್ಡ ಮಳೆ ಬಿದ್ದ ಮರುದಿನ, ದಾರ ತರಲೆಂದು ಪೇಟೆಗೆ ಹೊರಟವಳು ಹಾನಗಲ್ಲಿನ ಬಸ್ ನಿಲ್ದಾಣ ದಾಟುತ್ತಿದ್ದೆ. ಸವಣೂರಿನ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಕ್ಲೀನರ್ ಹುಡುಗನೊಬ್ಬ ಮೇಲಿನಿಂದ ಎಲೆಯ ಪೆಂಡಿಗಳನ್ನು ಇಳಿಸುತ್ತಿದ್ದ. ಒದ್ದೆಯಾದ ಗೋಣಿತಟ್ಟು, ಬಾಳೆಯ ಪಟ್ಟಿ, ಅದರೊಳಗಿನ ವೀಳ್ಯದೆಲೆಯ ಖಾರ ವಾಸನೆ, ಎಲ್ಲ ಸೇರಿ ಮೂಗಿಗೆ ಬಡಿಯಿತು. ನನಗೆ ದುಃಖ ಬರಬೇಕಾಗಿತ್ತು. ಬಂದದ್ದು ಸಿಟ್ಟು. ಹಲ್ಲು ಕಚ್ಚಿಕೊಂಡು ನಿಂತಲ್ಲೇ ನಿಂತೆ. ದಾರದ ಬಣ್ಣ ಯಾವುದು ಬೇಕಿತ್ತೆಂಬುದೇ ಮರೆತುಹೋಯಿತು.

ಒಂದು ವರ್ಷವಾಯಿತು. ಕಾಲ ಕಳೆದಂತೆ ಎಲ್ಲ ಇಳಿಯುತ್ತದೆ ಎಂದು ನನಗೆ ಹೇಳಿದವರು ಬಹಳ ಜನ. ಇಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು, ಹೊಲಿಗೆ ಮಷೀನಿನ ಮೇಲೆ ಬದುಕುವವಳು. ಬರೆಯುವ ರೂಢಿಯಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಸುಜಾತಾ ನನ್ನ ತಂಗಿ. ನಮ್ಮಪ್ಪ ಬೌದ್ಧನಾದ ಮೇಲೆ ಹುಟ್ಟಿದವಳು, ಹಾಗಾಗಿ ಅವಳಿಗೆ ಆ ಹೆಸರು. ಅದಕ್ಕೂ ಮೊದಲು ಹುಟ್ಟಿದ ನಾನು ಕಸ್ತೂರಿ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ನಾವಿಬ್ಬರೇ ಹಾನಗಲ್ಲಿನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಅವಳು ಕಂಪ್ಯೂಟರ್ ಕಲಿಸುವ ಕೆಲಸ ಮಾಡುತ್ತಿದ್ದಳು. ವಾರದಲ್ಲಿ ನಾಲ್ಕು ದಿನ ಹಾನಗಲ್ಲಿನಲ್ಲಿ, ಎರಡು ದಿನ ಹಿರೇಕೆರೂರಿನಲ್ಲಿ. ಮುಂಜಾನೆ ಏಳರ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ದಾರಿಯಲ್ಲಿ ಒಂದು ಹಳ್ಳವಿದೆ. ಅದರ ಸೇತುವೆ ತಗ್ಗಿನದು. ಮೇಲಿನ ಊರುಗಳಲ್ಲಿ ಮಳೆಯಾದರೆ ಇಲ್ಲಿ ಹನಿ ಬೀಳದಿದ್ದರೂ ನೀರು ಸೇತುವೆಯ ಮೇಲೆ ಹರಿಯುತ್ತದೆ. ಆಗ ಬಸ್ಸು ಹಳ್ಳದ ಈಚೆಗೇ ತಿರುಗಿಬಿಡುತ್ತದೆ, ಇಲ್ಲವೇ ಹಾನಗಲ್ಲು ಬಿಡುವುದೇ ಇಲ್ಲ. ಆಚೆಯವರು ಆಚೆ, ಈಚೆಯವರು ಈಚೆ.

‘ಬಂತೇನ ಬಸ್ಸು’ ಎಂಬ ಆ್ಯಪ್ ಶುರುವಾದದ್ದು ಇಂಥ ದಾರಿಗಳಿಗಾಗಿಯೇ. ಹಳ್ಳಿಯ ಬಸ್ಸುಗಳು ಯಾವಾಗ ಬರುತ್ತವೆ, ಯಾವಾಗ ಬರುವುದಿಲ್ಲ ಎಂದು ಹೇಳುವ ಆ್ಯಪ್. ಇದು ಮುಕ್ತ ತಂತ್ರಾಂಶ ಎಂದು ಸುಜಾತಾ ನನಗೆ ಬಿಡಿಸಿ ಹೇಳಿದ್ದಳು. ಅದನ್ನು ಕಟ್ಟಿದ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಬಳಸಲು ಯಾರೂ ಹಣ ಕೊಡಬೇಕಿಲ್ಲ. ಶಿಗ್ಗಾಂವಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಪ್ರಸನ್ನ ಸರ್ ಇದನ್ನು ಶುರುಮಾಡಿದ್ದರು. ಆ್ಯಪ್ ಇಟ್ಟುಕೊಳ್ಳಲಾಗದ ಸಣ್ಣ ಫೋನಿನವರಿಗೂ ಸುದ್ದಿ ಮುಟ್ಟಲೆಂದು ಅದೇ ಹೆಸರಿನಲ್ಲಿ ಒಂದು ಫೇಸ್‌ಬುಕ್ ಪುಟವಿತ್ತು. ಪುಟ ಒಂದು, ಪಾಸ್‌ವರ್ಡ್ ಒಂದು, ನಡೆಸುವವರು ನಾಲ್ಕು ಜನ. ಶಿಗ್ಗಾಂವಿಗೆ ಪ್ರಸನ್ನ ಸರ್, ಹಾನಗಲ್ಲಿಗೆ ಸುಜಾತಾ, ಸವಣೂರಿಗೆ ಎಲೆ ವ್ಯಾಪಾರದ ಖಾದರ್ ಚಾಚಾ, ಹಿರೇಕೆರೂರಿಗೆ ಬೀಜದ ಅಂಗಡಿಯ ನಾಗಪ್ಪ. ಖಾದರ್ ಚಾಚಾ ಎಲೆಯ ಪೆಂಡಿ ಹೇರಿಸಲು ದಿನಾ ನಸುಕಿನಲ್ಲಿ ಬಸ್ ನಿಲ್ದಾಣಕ್ಕೆ ಹೋಗಲೇಬೇಕು. ಯಾವ ಬಸ್ಸು ಕೆಟ್ಟಿದೆ, ಯಾವ ಡ್ರೈವರ್ ಸೂಟಿಯ ಮೇಲಿದ್ದಾನೆ ಎಂದು ಅವರಿಗೆ ತಿಳಿದಷ್ಟು ಡಿಪೋದವರಿಗೂ ತಿಳಿದಿರಲಿಲ್ಲ.

ನಾಲ್ಕು ಕೈ ಒಂದೇ ಪುಟದಲ್ಲಿ ಬರೆಯುವಾಗ ಗೊಂದಲವಾಗಬಾರದೆಂದು ಸುಜಾತಾ ಒಂದು ಪದ್ಧತಿ ಮಾಡಿದ್ದಳು. ಕಣ್ಣಿಂದ ನೋಡಿದ್ದನ್ನಷ್ಟೇ ಹಾಕಬೇಕು. ಯಾರೋ ಅಂದರು, ಯಾರೋ ಕಳಿಸಿದರು ಎಂಬುದು ನಡೆಯುವುದಿಲ್ಲ. ಹಾಕುವ ಮೊದಲು ನಾಲ್ವರ ಗುಂಪಿನಲ್ಲಿ ಇನ್ನೊಬ್ಬರು ‘ಹೂಂ’ ಎನ್ನಬೇಕು. ಕೊನೆಗೆ, ನೋಡಿದವರ ಹೆಸರಿನ ಮೊದಲ ಅಕ್ಷರ. ಬರೆದವರದಲ್ಲ, ನೋಡಿದವರದು. ಅವಳ ಪೋಸ್ಟುಗಳ ತುದಿಯಲ್ಲಿ ‘ಸು’ ಎಂದಿರುತ್ತಿತ್ತು. ಆ ದಾರಿಯ ಜನ ಅವಳನ್ನು ಕಂಡವರಲ್ಲ, ಆದರೆ ‘ಸು’ ಅಂದರೆ ನಂಬುತ್ತಿದ್ದರು. ಕಾಯಿಪಲ್ಲೆ ತರುವ ಹೆಂಗಸೊಬ್ಬಳು ನನ್ನ ಅಂಗಡಿಯಲ್ಲೇ ಕುಳಿತು, “ಸು ಅನ್ನಾಂವ ಯಾರೋ ಭಾಳ ಖರೇ ಮನಷ್ಯಾ ಅದಾನ” ಎಂದದ್ದನ್ನು ಕೇಳಿ ಒಳಗೆ ಸುಜಾತಾ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

ಹೋದ ಆಷಾಢದಲ್ಲಿ ಒಂದು ದಿನ ಅವಳ ಜೊತೆ ನಾನೂ ಹಿರೇಕೆರೂರಿಗೆ ಹೊರಟಿದ್ದೆ. ಹಿಂದಿನ ದಿನ ಹಳ್ಳ ಬಂದಿತ್ತು. ಹಳ್ಳದ ಈಚೆ ಬಸ್ಸು ನಿಧಾನ ಮಾಡಿದಾಗ ಇವಳು ಕಂಡಕ್ಟರನಿಗೆ ಹೇಳಿ ಇಳಿದಳು. ಜಿಟಿಜಿಟಿ ಮಳೆ. ಸೇತುವೆಯ ಕಲ್ಲಿನವರೆಗೆ ಹೋಗಿ, ಬಗ್ಗಿ ನೋಡಿ, ಆಚೆ ತುದಿಯವರೆಗೆ ನಡೆದು ಹಿಂದೆ ಬಂದಳು. ಡ್ರೈವರ್ ಕಿಟಕಿಯಿಂದ ಕೂಗಿದ.

“ಏನ್ರಿ ಇಂಜಿನಿಯರ್ ಬಾಯಾರ, ಪರ್ಮಿಷನ್ ಸಿಕ್ತೇನ್ರಿ?”

“ಹೋಗ್ರಿ, ಕಲ್ಲು ಕಾಣಾಕತ್ತೈತಿ,” ಎಂದಳು ಇವಳು, ಸೀರೆಯ ಅಂಚು ಹಿಂಡುತ್ತ.

ಒಳಗೆ ಬಂದು ಕುಳಿತ ಮೇಲೆ ನಾನು ಬೈದೆ. “ಯಾರ ಕೊಡ್ತಾರ ನಿನಗ ಪಗಾರ? ತೊಯ್ಸಿಕೊಂಡು ಸಾಯಾಕ ಬಂದೀಯೇನು?”

“ಪಗಾರ ಕೊಟ್ರ ನೌಕರಿ ಆಕ್ಕೈತಿ ಅಕ್ಕಾ. ನೌಕರಿ ಆದ್ರ ಸೂಟಿ ತಗೋಬೇಕನಸ್ತೈತಿ.”

ಅಷ್ಟು ಹೇಳಿ ಫೋನಿನಲ್ಲಿ ಬರೆದಳು. ನಾಗಪ್ಪ ‘ಹೂಂ’ ಎಂದ. ಪೋಸ್ಟು ಹೋಯಿತು. “ಹಾನಗಲ್–ಹಿರೇಕೆರೂರು: ಹಳ್ಳದ ಸೇತುವೆ ಮೇಲಿನ ನೀರು ಇಳಿದಿದೆ. ಬೆಳಗಿನ ಬಸ್ಸು ಎಂದಿನಂತೆ ಹೋಗುತ್ತದೆ. ಕೊಡೆ ಮರೆಯಬೇಡಿ, ನಾನು ಮರೆತಿದ್ದೇನೆ. — ಸು.” ಈ ಸಾಲುಗಳನ್ನು ನಾನು ಬಾಯಿಪಾಠ ಮಾಡಿದ್ದೇನೆ. ಯಾಕೆಂದು ಮುಂದೆ ತಿಳಿಯುತ್ತದೆ.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಡೆಂಗಿ ಎಂದರು. ಹುಬ್ಬಳ್ಳಿಗೆ ಒಯ್ದೆವು. ಮೊದಲ ಎರಡು ದಿನ ಮಾತಾಡುತ್ತಿದ್ದಳು. ಅಲ್ಲಿದ್ದಾಗ ಪ್ರಸನ್ನ ಸರ್ ಫೋನು ಮಾಡಿ, ಹಾನಗಲ್ ಕಡೆಯ ಸುದ್ದಿ ನಿಂತುಹೋಗಿದೆ, ಜನ ಕೇಳುತ್ತಿದ್ದಾರೆ, ಒಂದೆರಡು ಸಾಲು ಹಾಕಲಾದೀತೇ ಎಂದು ಕೇಳಿದ್ದರು. ಫೋನು ಅವಳ ಕಿವಿಗೆ ಹಿಡಿದವಳು ನಾನೇ.

“ಸರ್, ನಾ ಮಂಚದ ಮ್ಯಾಲೆ ಅದೇನ್ರಿ. ಇಲ್ಲಿ ಏನ್ ಕಾಣ್ತೈತಿ ಅದನ್ನ ಹಾಕ್ಲ್ಯಾ? ಫ್ಯಾನ್ ತಿರಗಾಕತ್ತೈತಿ ಅಂತ ಹಾಕತೇನಿ ನೋಡ್ರಿ,” ಎಂದಳು. ಆಚೆ ಸರ್ ನಕ್ಕದ್ದು ನನಗೂ ಕೇಳಿಸಿತು. ಅದೇ ಅವಳು ನಗಿಸಿದ ಕೊನೆಯ ಮಾತು. ನಂತರ ಫೋನು ಹಿಡಿಯುವ ಶಕ್ತಿಯೂ ಅವಳಿಗೆ ಬರಲಿಲ್ಲ. ಆರನೆಯ ದಿನ ತೀರಿಕೊಂಡಳು. ಇಪ್ಪತ್ತೊಂಬತ್ತು ವರ್ಷ.

ಮಣ್ಣಿಗೆ ಪ್ರಸನ್ನ ಸರ್ ಬಂದಿದ್ದರು. ಖಾದರ್ ಚಾಚಾ, ನಾಗಪ್ಪ ಕೂಡ. ನಮ್ಮವರು ಬುದ್ಧ ವಂದನೆ ಹೇಳುವಾಗ ಸರ್ ಹಿಂದೆ ನಿಂತು ಅಳುತ್ತಿದ್ದರು. ಆ ಅಳು ಸುಳ್ಳೆಂದು ನಾನು ಈಗಲೂ ಹೇಳುವುದಿಲ್ಲ. ಅದು ಖರೆಯಾಗಿತ್ತೆಂಬುದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಅವಳು ಹೋಗಿ ಹನ್ನೊಂದನೆಯ ದಿನ ಮತ್ತೆ ದೊಡ್ಡ ಮಳೆಯಾಯಿತು. ನಾನು ಅಂಗಡಿ ತೆರೆದಿರಲಿಲ್ಲ. ಅವಳ ಫೋನು ಮೂಲೆಯಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು. ಹೊರಗೆ ಏನು ನಡೆಯಿತೆಂದು ನನಗೆ ತಿಳಿದದ್ದು ಇನ್ನೂ ಆರು ದಿನಗಳ ಮೇಲೆ, ಅಂಗಡಿಯ ಬಾಗಿಲನ್ನು ಮೊದಲ ಸಲ ತೆರೆದ ದಿನ. ಮಷೀನಿನ ಧೂಳು ಒರೆಸುತ್ತಿದ್ದೆ. ತಲೆಗೆ ಟವೆಲ್ ಸುತ್ತಿದ ಒಬ್ಬರು ಮೆಟ್ಟಿಲ ಮೇಲೆ ಬಂದು ನಿಂತರು. ಹೊಲದಿಂದ ನೇರ ಬಂದವರಂತೆ ಕಾಲು ಕೆಸರಾಗಿತ್ತು.

“ಇಲ್ಲಿ ಸುಜಾತಾ ಅನ್ನೋರ ಮನಿ ಯಾವುದ್ರಿ?”

“ಇದ ರೀ.”

“ಕರೀರಿ ಅವರ್ನ. ನನ್ನ ಮಗಳ ವರ್ಷ ಹಾಳ ಮಾಡ್ಯಾರ. ನೀರು ಇಳದೈತಿ, ಬಸ್ಸು ಬರತೈತಿ ಅಂತ ಬರದು ಹಾಕ್ತಾರ? ಹುಡುಗಿ ಆರರಿಂದ ಹನ್ನೊಂದರ ತನಕಾ ಮಳ್ಯಾಗ ನಿಂತಾಳ. ಒಂದ ಪೇಪರ್ ಉಳದಿತ್ತು, ಅದೂ ಹೋತು. ಬಸ್ಸು ಇಲ್ಲ ಅಂತ ಹೇಳಿದ್ರ ನಸುಕಿನಾಗ ಗಾಡಿ ಮ್ಯಾಲೆ ಸುತ್ತ ಹಾಕಿ ಬಿಟ್ಟು ಬರ್ತಿದ್ದೆ ನಾನು! ಕರೀರಿ ಅಂತೇನಿ!”

ನನಗೆ ಏನೂ ಅರ್ಥವಾಗಲಿಲ್ಲ. “ಆಕಿ ನನ್ನ ತಂಗಿ,” ಎಂದೆ. “ಆಕಿ ಸತ್ತು ಇವತ್ತಿಗೆ ಹದಿನೇಳು ದಿನ ಆತ್ರಿ.”

ಅವರು ಒಳಗೆ ನೋಡಿದರು. ಗೋಡೆಯ ಮೇಲೆ ಫೋಟೊ ಇತ್ತು. ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. “ಹಂಗಂತನೂ ಬರದಿದ್ರು. ಸುಳ್ಳ ಹೇಳತಾರ ಅನ್ಕೊಂಡೆ,” ಎಂದು ಹೊರಟುಹೋದರು. ಫಕ್ಕೀರಪ್ಪ ಎಂದು ಅವರ ಹೆಸರು, ಹಳ್ಳದ ಈಚೆಯ ಊರಿನವರು ಎಂದು ಆಮೇಲೆ ತಿಳಿಯಿತು.

‘ಹಂಗಂತನೂ ಬರದಿದ್ರು’ ಎಂಬ ಮಾತು ಕಿವಿಯಲ್ಲಿ ಕುಳಿತುಬಿಟ್ಟಿತು. ಅವಳ ಫೋನು ಚಾರ್ಜಿಗೆ ಹಾಕಿ, ಪುಟ ತೆರೆದೆ.

ಮಳೆಯ ದಿನ ಬೆಳಗಿನ ಜಾವದ ಪೋಸ್ಟು: ಹಳ್ಳದ ನೀರು ಇಳಿದಿದೆ, ಬಸ್ಸು ಹೋಗುತ್ತದೆ. ತುದಿಯಲ್ಲಿ ‘ಸು’. ಕೆಳಗೆ ಜನರ ಬೈಗುಳ, ಬೆರಳಿನಿಂದ ಎಷ್ಟು ಸರಿಸಿದರೂ ಮುಗಿಯದಷ್ಟು. ಅದೇ ಸಂಜೆ ಇನ್ನೊಂದು ಪೋಸ್ಟು. ಅದರಲ್ಲಿ ಸುಜಾತಾಳ ಫೋಟೊ, ಮುಂದೆ ಉರಿಯುವ ದೀಪದ ಚಿತ್ರ. “ನಮ್ಮನ್ನಗಲಿದ ಹಾನಗಲ್ಲಿನ ಸ್ವಯಂಸೇವಕಿ ಸುಜಾತಾ ಅವರು ಅನಾರೋಗ್ಯದ ದಿನಗಳಲ್ಲಿ ಮುಂಚಿತವಾಗಿ ಸಮಯ ಗೊತ್ತುಮಾಡಿ ಬರೆದಿಟ್ಟಿದ್ದ ಪೋಸ್ಟು ಇಂದು ತಾನಾಗಿ ಪ್ರಕಟಗೊಂಡಿದೆ. ಅವರ ಉದ್ದೇಶ ಒಳ್ಳೆಯದಿತ್ತು. ಶಿವನ ಪಾದ ಸೇರಿರುವ ಅವರನ್ನು ದಯವಿಟ್ಟು ಕ್ಷಮಿಸಿ. — ಬಂತೇನ ಬಸ್ಸು ತಂಡ.”

ನಾವು ಅವಳನ್ನು ಯಾವ ಪಾದಕ್ಕೂ ಕಳಿಸಿರಲಿಲ್ಲ. ನಮ್ಮನ್ನು ಯಾರೂ ಕೇಳಿರಲಿಲ್ಲ. ಆದರೆ ಅದು ಸಣ್ಣ ಮಾತು. ಕೆಳಗಿದ್ದ ಕರುಣೆಯ ಮಾತುಗಳನ್ನು ಓದುತ್ತ ನನ್ನ ಮೈ ಉರಿಯಿತು. ‘ಪಾಪ, ಜ್ವರದಲ್ಲಿ ತಲೆ ಓಡಿರಲಿಕ್ಕಿಲ್ಲ.’ ‘ಸತ್ತವರನ್ನು ಬೈಯಬಾರದು, ಹೋಗಲಿ ಬಿಡಿ.’ ‘ಇಂಥ ಜವಾಬ್ದಾರಿಯ ಕೆಲಸವನ್ನು ಯಾರಿಗೆಂದರೆ ಅವರಿಗೆ ಕೊಡಬಾರದು.’ ಬೈಗುಳಕ್ಕಾದರೆ ತಿರುಗಿ ಬೈಯಬಹುದು. ಕ್ಷಮಿಸಿದವರಿಗೆ ಏನು ಹೇಳುವುದು? ಮಾಡದ ತಪ್ಪಿಗೆ ನನ್ನ ತಂಗಿಯನ್ನು ನಾಲ್ಕು ತಾಲೂಕಿನ ಜನ ಕ್ಷಮಿಸುತ್ತಿದ್ದರು.

ಅವಳು ಬರೆದಿಟ್ಟಿರಲಿಲ್ಲ ಎಂದು ನನಗೆ ಗೊತ್ತಿತ್ತು. ಮಂಚದ ಮೇಲಿಂದ ಕಾಣುವುದು ಫ್ಯಾನು ಮಾತ್ರ ಎಂದವಳು ಹಳ್ಳದ ನೀರು ಇಳಿದಿದೆ ಎಂದು ಬರೆದಿಡುತ್ತಾಳೆಯೇ? ಆದರೆ ಆ ಮಾತಿಗೆ ಪುರಾವೆ ಇರಲಿಲ್ಲ. ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅವಳ ಪೋಸ್ಟುಗಳನ್ನೆಲ್ಲ ಓದುತ್ತ ಕುಳಿತೆ. ಪುರಾವೆ ಹುಡುಕಲಿಕ್ಕಲ್ಲ. ಅವಳ ದನಿ ಕೇಳಿದಂತಾಗುತ್ತಿತ್ತು, ಅದಕ್ಕೆ. ಬಸ್ಸು ಕೆಟ್ಟದ್ದು, ಬಾಗಿಲಿಗೆ ಕುರಿಯೊಂದು ಅಡ್ಡ ಮಲಗಿದ್ದು, ಸಂತೆಯ ದಿನ ಹೆಚ್ಚುವರಿ ಬಸ್ಸು ಬಿಟ್ಟದ್ದು. ಹಿಂದೆ ಹಿಂದೆ ಸರಿಸುತ್ತ ಆಷಾಢಕ್ಕೆ ಬಂದೆ. ಅಲ್ಲಿತ್ತು. “ಕೊಡೆ ಮರೆಯಬೇಡಿ, ನಾನು ಮರೆತಿದ್ದೇನೆ.” ಮುಂದೆ ಬಂದು ಮಳೆಯ ದಿನದ ಪೋಸ್ಟು ನೋಡಿದೆ. ಅದರಲ್ಲೂ “ಕೊಡೆ ಮರೆಯಬೇಡಿ, ನಾನು ಮರೆತಿದ್ದೇನೆ.” ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾರೋ ಹಳೆಯ ಪೋಸ್ಟನ್ನು ಎತ್ತಿ ಹಾಗೆಯೇ ಹಾಕಿದ್ದರು. ಯಾರೂ ಹಳ್ಳಕ್ಕೆ ಹೋಗಿರಲಿಲ್ಲ. ಗುಂಪಿನಲ್ಲಿ ನೋಡಿದೆ, ಆ ದಿನ ಯಾರೂ ‘ಹೂಂ’ ಎಂದಿರಲಿಲ್ಲ. ನಾಗಪ್ಪನಿಗೆ ಫೋನು ಮಾಡಿದೆ. “ನನ್ನ ಯಾರೂ ಕೇಳೇ ಇಲ್ಲ ಅಕ್ಕಾ. ಕೇಳಿದ್ರ ಹೇಳ್ತಿದ್ದೆ, ಈ ಕಡೆ ಆಳುದ್ದ ನೀರು ಐತಿ ಅಂತ. ಪೋಸ್ಟ್ ನೋಡಿ ಸರ್‌ಗ ಫೋನ್ ಹಚ್ಚಿದೆ, ಎತ್ತಲಿಲ್ಲ,” ಎಂದ.

ಮರುದಿನವೇ ಶಿಗ್ಗಾಂವಿಗೆ ಹೋದೆ. ಹೆದ್ದಾರಿಯ ಬದಿಯ ಚಹಾದ ಹೋಟೆಲಿಗೆ ಪ್ರಸನ್ನ ಸರ್ ಬಂದರು. ಹೊರಗೆ ಪುಣೆ, ಬೆಂಗಳೂರಿನ ಲಾರಿಗಳ ಸದ್ದಿಗೆ ಜೋರಾಗಿಯೇ ಮಾತಾಡಬೇಕಿತ್ತು. ಎರಡೂ ಪೋಸ್ಟುಗಳನ್ನು ಮುಂದೆ ಹಿಡಿದೆ. ಸುಳ್ಳು ಹೇಳಲಿಲ್ಲ ಅವರು.

“ಅವತ್ತ ಮುಂಜಾನೆ ಭಾಳ ಮಂದಿ ಕೇಳಾಕತ್ತಿದ್ರು ಅಕ್ಕಾರ. ಮಳಿ ನಿಂತಿತ್ತು ಇಲ್ಲಿ. ನೀರು ಇಳದಿರ್ತದ ಅನಸ್ತು. ಟೈಪ್ ಮಾಡಾಕ ಹೊತ್ತಿರಲಿಲ್ಲ, ಕ್ಲಾಸ್ ಇತ್ತು. ಹಳೇದನ್ನ ಕಾಪಿ ಮಾಡಿ ಹಾಕಿದೆ. ಕೆಳಗ ‘ಸು’ ಅಂತ ಇದ್ದದ್ದು ನೋಡಲಿಲ್ಲ.”

“ಆಮ್ಯಾಲೆ ನೋಡಿದ್ರ್ಯಾ?”

“ನೋಡಿದೆ.”

“ನೋಡಿ?”

ಅವರು ಚಹಾದ ಕಪ್ಪನ್ನು ಬದಿಗಿಟ್ಟರು. ಮುಂದಿನ ಮಾತನ್ನು ಬಹಳ ಮೃದುವಾಗಿ, ನನಗೆ ಪಾಠ ಮಾಡುವವರಂತೆ ಹೇಳಿದರು. “ತಿಳ್ಕೋರಿ ಅಕ್ಕಾರ. ಸುಜಾತಾಗ ಇನ್ನ ಯಾರ ಏನ ಅಂದ್ರೂ ಏನೂ ಆಗೂದಿಲ್ಲ. ನಾ ಒಪ್ಪಿಕೊಂಡ್ರ, ಪುಟ ನಡಸಾಂವನ ನೋಡದ ಹಾಕ್ತಾನ ಅಂತ ಜನ ಆ್ಯಪ್ ನಂಬೂದು ಬಿಡ್ತಾರ. ಐದು ವರ್ಷದ ಕೆಲಸ ಹಾಳಾಗ್ತದ. ಅದು ಆಕೀ ಕೆಲಸನೂ ಹೌದಲ್ರಿ?”

ಇಲ್ಲಿಂದ ಮುಂದೆ ಅವರನ್ನು ‘ಅವನು’ ಎಂದೇ ಬರೆಯುತ್ತೇನೆ.

“ಹೌದ್ರಿ, ಆಕೀದೂ ಹೌದು,” ಎಂದೆ. “ನಂಬಿಕಿ ಉಳಸಾಕ ನಂಬಿಕಸ್ತ ಆಕೀನ್ನ ಸುಳ್ಳಿ ಮಾಡಿದ್ರಿ. ನೀವ ಹಾಕಿದ್ದು ಅಂತ ನಿಮ್ಮ ಹೆಸರಿಲೆ ಬರದು ಹಾಕ್ರಿ. ಅಷ್ಟ. ನನಗ ಮತ್ತೇನೂ ಬ್ಯಾಡ.”

ಎಂಟು ದಿನ ಕೊಡಿ, ಬೆಂಗಳೂರಿನಲ್ಲಿ ಒಂದು ಸಭೆಯಿದೆ, ಅಲ್ಲಿ ಆ್ಯಪ್ ತೋರಿಸಬೇಕು, ಬಂದ ಮೇಲೆ ಹಾಕುತ್ತೇನೆ ಎಂದ. ಚಹಾದ ದುಡ್ಡು ತಾನೇ ಕೊಟ್ಟ. ನಾನು ಹಿಂದಿರುಗಿ ಬರುವಾಗ ಬಂಕಾಪುರ ಮುಟ್ಟುವಷ್ಟರಲ್ಲಿ ಸುಜಾತಾಳ ಫೋನಿನಲ್ಲಿ ಪುಟ ಮುಚ್ಚಿಕೊಂಡಿತು. ಈ ಫೋನಿನಿಂದ ಇನ್ನು ಬರೆಯಲಾಗದು ಎಂದು ತೋರಿಸಿತು. ಎಂಟು ದಿನ ಕೇಳಿದವನು ಎಂಟು ಮೈಲಿಯೂ ಕಾಯಲಿಲ್ಲ.

ನಾನು ಅಲ್ಲೇ ಇಳಿದು ಸವಣೂರಿನ ಬಸ್ಸು ಹತ್ತಿದೆ. ಊಟ ಮಾಡಿರಲಿಲ್ಲ, ಹಸಿವೂ ಇರಲಿಲ್ಲ.

ಖಾದರ್ ಚಾಚಾ ತಮ್ಮ ಎಲೆಯ ಮಂಡಿಯಲ್ಲಿ ಕುಳಿತು ಎಲೆ ಜೋಡಿಸುತ್ತಿದ್ದರು. ಸುತ್ತ ಒದ್ದೆ ಗೋಣಿತಟ್ಟು. ನನ್ನನ್ನು ನೋಡಿದೊಡನೆ, “ಬಾ ಅವ್ವಾ, ಕುಂದರು,” ಎಂದು ಜಾಗ ಮಾಡಿದರು. ಎಲ್ಲ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು. ಕೊನೆಗೆ ಅಂಗಿಯ ಜೇಬಿನಿಂದ ಗಾಜು ಒಡೆದ ಫೋನು ತೆಗೆದು ನೋಡಿದರು. “ನಂದಿನ್ನೂ ತಗದೈತಿ ನೋಡು. ನನ್ನ ಮುದುಕ ಅಂತ ತಿಳದು ಬಿಟ್ಟಾನ, ಇಲ್ಲಾ ಮರತಾನ.”

“ಕೊಡ್ರಿ ಚಾಚಾ. ನಾ ಬರೀತೇನಿ.”

ಅವರು ಕೊಡಲಿಲ್ಲ. “ನಾ ಬಸ್ಸಿನ ಸುದ್ದಿ ಹಾಕಿ ನಾಕು ವರ್ಷ ಆತು. ನಾಕು ಊರಾಗ ನನ್ನ ಎಲಿ ತಗೊಳ್ಳೋರು ಇದನ್ನ ನೋಡೇ ಬಸ್‌ಸ್ಟ್ಯಾಂಡಿಗೆ ಬರ್ತಾರ. ಇದನ್ನ ಹಾಕಿದ್ರ ಆಂವ ನನ್ನೂ ತಗದ ಒಗೀತಾನ. ಗೊತ್ತೈತಿಲ್ಲೋ ನಿನಗ?”

“ಗೊತ್ತೈತಿ.”

“ಹಂಗಾರ ಓದು. ಏನ ಬರದೀ?”

ಬಸ್ಸಿನಲ್ಲಿ ಬರುವಾಗ ನಾನು ಒಂದು ಪುಟ ತುಂಬ ಬರೆದುಕೊಂಡಿದ್ದೆ. ಓದಿದೆ. ಅದರಲ್ಲಿ ದ್ರೋಹಿ ಇತ್ತು, ನಾಚಿಕೆಗೇಡಿ ಇತ್ತು, ಹುಳ ಬೀಳುತ್ತದೆ ಎಂಬುದಿತ್ತು. ಚಾಚಾ ಎಲ್ಲ ಕೇಳಿ ತಲೆ ಕೊಡವಿದರು.

“ಬೈಗಳ ಭಾಳ ಚಲೋ ಅದಾವು. ನನಗೂ ನಾಕು ಬರ್ತಾವು, ಉರ್ದುದಾಗ ಕೊಡ್ತೇನಿ ಬೇಕಾರ. ಆದ್ರ ಇದನ್ನ ಓದಿದವರು, ತಂಗಿ ಸತ್ತ ಸಂಕಟಕ್ಕ ಬಾಯಿಗೆ ಬಂದದ್ದು ಅನ್ನಾಕತ್ತಾಳ ಅಂತಾರ. ನಿನಗೂ ದೀಪ ಹಚ್ಚತಾರ. ಬಸ್ಸಿನ ಸುದ್ದಿ ಬರದಂಗ ಬರಿ ಅವ್ವಾ. ಎಲ್ಲಿ, ಯಾವತ್ತು, ಯಾರು ನೋಡಿದ್ದು. ಅಷ್ಟ.”

ನನಗೆ ಅವರ ಮೇಲೂ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸುಜಾತಾ ಹೇಳುತ್ತಿದ್ದದ್ದೇ. ಎಲೆಯ ಗೋಣಿತಟ್ಟಿನ ಮೇಲೆ ಕುಳಿತು ಹಾಳೆಯ ಹಿಂಬದಿಯಲ್ಲಿ ಮತ್ತೆ ಬರೆದೆ.

“ತಿದ್ದುಪಡಿ: ಹಳ್ಳದ ನೀರು ಇಳಿದಿದೆ ಎಂಬ ಪೋಸ್ಟನ್ನು ಹೋದ ವಾರ ಹಾಕಿದ್ದು ಸುಜಾತಾ ಅಲ್ಲ. ಆ ದಿನಕ್ಕೆ ಅವಳು ತೀರಿ ಹನ್ನೊಂದು ದಿನವಾಗಿತ್ತು. ಅದು ಆಷಾಢದಲ್ಲಿ ಅವಳು ಹಳ್ಳದ ಬಳಿ ನಿಂತು ನೋಡಿ ಬರೆದ ಪೋಸ್ಟು, ಕೆಳಗೆ ಹೋಗಿ ಯಾರಾದರೂ ನೋಡಬಹುದು. ಪ್ರಸನ್ನ ಅವರು ಹಳ್ಳ ನೋಡದೆ ಅದನ್ನು ನಕಲು ಮಾಡಿ ಹಾಕಿದರು. ನನ್ನ ಮುಂದೆ ಒಪ್ಪಿಕೊಂಡಿದ್ದಾರೆ. ಸುಜಾತಾ ಸತ್ತದ್ದನ್ನೂ, ಅವರು ಒಪ್ಪಿದ್ದನ್ನೂ ನೋಡಿದವಳು — ಕಸ್ತೂರಿ, ಅವಳ ಅಕ್ಕ.”

ಚಾಚಾ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿ ತಾವೇ ಬರೆದರು. ಅರ್ಧ ಗಂಟೆ ಹಿಡಿಯಿತು. ಹಾಕುವ ಮೊದಲು ನಾಲ್ವರ ಗುಂಪಿಗೆ ಹೋಗಿ ‘ಹೂಂ’ ಎಂದು ಬರೆದರು. ಅರೆಗಳಿಗೆಯಲ್ಲಿ ಕೆಳಗೆ ಇನ್ನೊಂದು ‘ಹೂಂ’ ಬಂತು. ನಾಗಪ್ಪನದು.

ಪೋಸ್ಟು ಉಳಿದದ್ದು ಚಾಚಾ ಮಸೀದಿಗೆ ಹೋಗಿ ಸಂಜೆಯ ನಮಾಜು ಮುಗಿಸಿ ಬರುವವರೆಗೆ. ನಂತರ ಇರಲಿಲ್ಲ. ಚಾಚಾರ ಫೋನಿನಲ್ಲೂ ಪುಟ ಮುಚ್ಚಿತ್ತು. ಅವರಿಗೆ ಅವನಿಂದ ಕರೆ ಬಂತು. ಏನೆಂದನೋ ನನಗೆ ಕೇಳಿಸಲಿಲ್ಲ. ಚಾಚಾ ಹೇಳಿದ್ದು ಮಾತ್ರ ಕೇಳಿಸಿತು. “ಸರ್, ನೀವು ಕಲ್ತವರು. ನಾ ಎಲಿ ಮಾರಾಂವ. ಕೊಳತದ್ದನ್ನ ಪೆಂಡಿ ನಡುವ ಇಟ್ಟು ಮಾರೂದು ನಮ್ಮ ಧಂದೇದಾಗೂ ಐತ್ರಿ. ಒಮ್ಮೆ ಮಾಡಿದ್ರ ಗಿರಾಕಿ ಮತ್ತ ಬರೂದಿಲ್ಲ.”

ಅದಾದ ಎರಡು ದಿನಕ್ಕೆ ಅವನು ಮಾಡಿದ್ದು ಇದು. ಹಳೆಯ ಪೋಸ್ಟನ್ನು ಜನ ಹುಡುಕಿ ತೆಗೆಯುತ್ತಾರೆಂಬ ಭಯಕ್ಕೆ ‘ಸು’ ಎಂದು ಸಹಿಯಿದ್ದ ಪೋಸ್ಟುಗಳನ್ನೆಲ್ಲ ಅಳಿಸಿದ. ಒಂದನ್ನಲ್ಲ, ಎಲ್ಲವನ್ನೂ. ಕುರಿ ಅಡ್ಡ ಮಲಗಿದ್ದು, ಸಂತೆಯ ಬಸ್ಸು, ಹಳ್ಳದ ನೀರು, ಮರೆತ ಕೊಡೆ. ದೀಪದ ಪೋಸ್ಟನ್ನೂ ತೆಗೆದ. ಬೆಂಗಳೂರಿನ ಸಭೆಯಲ್ಲಿ ಯಾರೋ ತೆರೆದು ನೋಡಿದರೆ ಎಲ್ಲ ಒಪ್ಪವಾಗಿ ಕಾಣಬೇಕಲ್ಲ. ಅವಳು ತೊಯ್ದು ತೊಪ್ಪೆಯಾಗಿ ನಿಂತು ಬರೆದ ಅಷ್ಟೂ ಮಳೆಗಾಲಗಳನ್ನು ಒರೆಸಿಹಾಕಲು ಅವನಿಗೆ ಒಂದು ಮಧ್ಯಾಹ್ನ ಸಾಕಾಯಿತು. ಮೊದಲು ಸುಳ್ಳಿಯಾಗಿದ್ದವಳು ಈಗ ಇರಲೇ ಇಲ್ಲ.

ನಾನು ಎಂಟು ದಿನ ಅಂಗಡಿಯಲ್ಲಿ ಕುಳಿತು ಹೊಲಿದೆ. ಆ ವಾರದ ಬ್ಲೌಸುಗಳಲ್ಲಿ ಮೂರು ಬಿಗಿಯಾದವೆಂದು ವಾಪಸು ಬಂದವು.

ಒಂದು ಬೆಳಿಗ್ಗೆ ಫಕ್ಕೀರಪ್ಪ ಮತ್ತೆ ಬಂದರು. ಜೊತೆಗೆ ಮಗಳು ರೂಪಾ. ಹುಡುಗಿಯ ಫೋನಿನಲ್ಲಿ ನಮ್ಮ ತಿದ್ದುಪಡಿಯ ಚಿತ್ರ ಇತ್ತು. ಅಳಿಸುವ ಮೊದಲೇ ತೆಗೆದಿಟ್ಟುಕೊಂಡಿದ್ದಳು. ಅಪ್ಪನಿಗೂ ಓದಿ ಹೇಳಿದ್ದಳು.

“ಅವತ್ತ ಏನೇನೋ ಅಂದೆ,” ಎಂದರು ಅವರು, ಮೆಟ್ಟಿಲ ಕೆಳಗೇ ನಿಂತು. “ಇವತ್ತ ಏನ ಅನಬೇಕು ತಿಳೀವಲ್ದು.”

“ಒಳಗ ಬರ್ರಿ. ಕುಂದರ್ರಿ.”

ರೂಪಾಳ ಆ ಪೇಪರು ಮುಂದಿನ ಸಲಕ್ಕೆ ಹೋಗಿತ್ತು. ಆದರೆ ಅವಳಿಗೆ ಹಿರೇಕೆರೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ದಿನಾ ಅದೇ ಏಳರ 
ಬಸ್ಸು. “ಹಳ್ಳದ ಸುದ್ದಿ ಈಗ ಯಾರ ಹೇಳ್ತಾರ್ರಿ ಅಕ್ಕಾ?” ಎಂದು ಕೇಳಿದಳು. “ಪುಟದಾಗ ಶಿಗ್ಗಾಂವ, ಬಿಟ್ರ ಶಿಗ್ಗಾಂವ. ನಮ್ಮ ಕಡೆದು ಏನೂ ಇರೂದಿಲ್ಲ.”

ಮರುದಿನ ಮಳೆಯಿತ್ತು. ನಸುಕಿನಲ್ಲಿ ಹಾಲಿನ ಗಾಡಿಯವನ ಹಿಂದೆ ಕುಳಿತು ಹಳ್ಳಕ್ಕೆ ಹೋದೆ. ಯಾಕೆ ಹೋದೆನೆಂದು ಕೇಳಿದರೆ ಅವಳ ನೆನಪಿಗೆ ಎಂದು ಹೇಳಲಾರೆ. ಅವನಿಲ್ಲದೆಯೂ ಇದು ಆಗುತ್ತದೆ ಎಂದು ತೋರಿಸಬೇಕಿತ್ತು, ಅದಕ್ಕೆ. ನೀರು ನೋಡಿ ಬಂದು, ಅಂಗಡಿಯ ಮುಂದೆ ದರ ಬರೆಯುತ್ತಿದ್ದ ಕರಿಹಲಗೆಯನ್ನು ಒರೆಸಿ ಸೀಮೆಸುಣ್ಣದಿಂದ ಬರೆದೆ: “ಹಳ್ಳದ ಮೇಲೆ ಮೊಣಕಾಲುದ್ದ ನೀರು. ಏಳರ ಬಸ್ಸು ಇಲ್ಲ.” ಕೆಳಗೆ: “ನೋಡಿದವಳು ಸುಜಾತಾಳ ಅಕ್ಕ.” ಬಸ್ ನಿಲ್ದಾಣಕ್ಕೆ ಹೋಗುವವರು ನನ್ನ ಅಂಗಡಿಯ ಮುಂದೆಯೇ ಹೋಗಬೇಕು. ನಿಂತು ಓದಿದರು. ಕೆಲವರು ಫೋಟೊ ತೆಗೆದು ಊರಿಗೆ ಕಳಿಸಿದರು. ಮಳೆ ಬಂದ ದಿನಗಳಲ್ಲೆಲ್ಲ ಹೀಗೆಯೇ ಮಾಡಿದೆ. ಮಣಿಕಟ್ಟಿನಲ್ಲಿ ಗಡಿಯಾರ ಇಲ್ಲದಿದ್ದರೂ ನಡೆಯುತ್ತದೆ, ಹಲಗೆ ನೋಡದೆ ಹೋಗಬಾರದು ಎಂದು ಕಾಯಿಪಲ್ಲೆಯ ಹೆಂಗಸು ಎಲ್ಲರಿಗೂ ಹೇಳುತ್ತ ಹೋದಳು.

ಹದಿನೈದು ದಿನ ಕಳೆದಿರಬೇಕು. ಸೂಟಿಯ ದಿನ ಹಾನಗಲ್ಲಿಗೆ ಬಂದಿದ್ದ ರೂಪಾ ಓಡಿಬಂದು ಫೋನು ತೋರಿಸಿದಳು. ‘ಬಂತೇನ ಬಸ್ಸು’ ಪುಟದಲ್ಲಿ ನನ್ನ ಹಲಗೆಯ ಫೋಟೊ. ಮೇಲೆ “ಹಾನಗಲ್ ಭಾಗದ ಇಂದಿನ ಮಾಹಿತಿ, ನಮ್ಮ ತಂಡದಿಂದ” ಎಂದಿತ್ತು. ಹಲಗೆಯ ಕೆಳಗಿನ ಸಾಲು ಕಾಣಲಿಲ್ಲ. ಫೋಟೊವನ್ನು ಅಲ್ಲಿಗೆ ಕತ್ತರಿಸಿದ್ದ. ನೀರು ಬೇಕಿತ್ತು, ಬಸ್ಸು ಬೇಕಿತ್ತು. ಹೆಸರು ಬೇಕಿರಲಿಲ್ಲ.

“ಫೋನ್ ಹಚ್ಚಿ ಬೈರಿ ಅಕ್ಕಾ!” ಎಂದಳು ರೂಪಾ. ಅವಳ ಕಣ್ಣಲ್ಲಿ ನೀರು ನಿಂತಿತ್ತು.

“ಬ್ಯಾಡ,” ಎಂದೆ.

ಅವನು ಓದಿದವನಿರಬಹುದು, ಕತ್ತರಿ ಹಿಡಿಯುವ ಕಸುಬು ನನ್ನದು. ಎಲ್ಲಿ ಕತ್ತರಿಸಿದರೆ ಅಂಚು ಹೋಗುತ್ತದೆ, ಎಲ್ಲಿ ಕತ್ತರಿಸಿದರೆ ಬಟ್ಟೆಯೇ ಹೋಗುತ್ತದೆ ಎಂದು ನನಗೆ ಗೊತ್ತು. ಮರುದಿನ ಹಳ್ಳ ನೋಡಿ ಬಂದು ಹಲಗೆ ಒರೆಸಿದೆ. ಈ ಸಲ ಎರಡು ಸಾಲು ಮಾಡಲಿಲ್ಲ. ಹಲಗೆಯ ಉದ್ದಗಲ ಒಂದೇ ವಾಕ್ಯ ಬರೆದೆ. “ಹಳ್ಳದ ನೀರು, ಸತ್ತ ಸುಜಾತಾ ಆಷಾಢದಲ್ಲಿ ನಿಂತು ನೋಡಿದ ಸೇತುವೆಯ ಕಲ್ಲಿಗಿಂತ ಸುಜಾತಾಳ ಅಕ್ಕ ಇಂದು ನೋಡಿದಾಗ ಒಂದು ಗೇಣು ಕೆಳಗಿದ್ದು, ಸುಜಾತಾ ದಿನಾ ಹತ್ತುತ್ತಿದ್ದ ಏಳರ ಬಸ್ಸು ಹೋಗುತ್ತದೆ.”

ಜನ ಬಂದು ಓದಿದರು, ಫೋಟೊ ತೆಗೆದರು. ಮಧ್ಯಾಹ್ನದವರೆಗೂ ರೂಪಾ ಹಿರೇಕೆರೂರಿನ ಅಂಗಡಿಯಲ್ಲೇ ಪುಟ ತೆರೆದು ತೆರೆದು ನೋಡಿ ನನಗೆ ಫೋನು ಮಾಡುತ್ತಿದ್ದಳು. ಹಾನಗಲ್ ಭಾಗದ ಮಾಹಿತಿ ಏನೂ ಬರಲಿಲ್ಲ. ಕೆಳಗೆ ಜನ ಕೇಳತೊಡಗಿದರು, ಹಳ್ಳದ ಸುದ್ದಿ ಎಲ್ಲಿ ಎಂದು. ಕೊನೆಗೆ ಬಸ್ಸಿನಲ್ಲಿದ್ದ ಯಾರೋ ಒಬ್ಬರು ಆ ಪ್ರಶ್ನೆಯ ಅಡಿಯಲ್ಲೇ ಹಲಗೆಯ ಫೋಟೊ ಹಾಕಿದರು. ಕತ್ತರಿಸದ್ದು, ಇಡೀ ಹಲಗೆ.